ನಮ್ಮ ಶಾಲೆಯ ಗಣಕಯಂತ್ರಗಳೂ ಒಂದು ಯಾದಿಯೂ

ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ ನಾವು ಬಹಳ ಯೋಚನೆಗೆ ಒಳಗಾದೆವು. ಶಾಲೆಯ ಅಂಗಳದ ಹುಣಸೆಯ ಮರ, ಗುರುಮಾತೆಯರ ಪ್ರೀತಿ ಹಾಗು ಶಿಸ್ತು, ವಾರ್ಷಿಕೋತ್ಸವದ ಕೋಲಾಟ, ಮಳೆಗಾಲದಲ್ಲಿ ಒಂದೇ ಕೊಡೆಯೊಳಗೆ ನಾಲ್ವರು ಸೇರಿ ಮನೆಗೆ ಹೋದದ್ದು, ಇವುಗಳನ್ನು ನಮಗಿಂತ ಸೊಗಸಾಗಿ ವರ್ಣಿಸುವ ಹಳೆಯ ವಿದ್ಯಾರ್ಥಿನಿಯರು ಅನೇಕರಿರುವರು. ಆದುದರಿಂದ ಆ ಹೊಲಕ್ಕೆ ನಾವು ಕೈಯಿಕ್ಕದೆ, ೨೦೨೫ನೆಯ ಇಸವಿಯ ಕೊನೆಯ ತಿಂಗಳುಗಳಲ್ಲಿ ಶಾಲೆಯ ಗಣಕಯಂತ್ರದ ಕೋಣೆಯಲ್ಲಿ ನಡೆದ ಒಂದು ಚಿಕ್ಕ ಕೆಲಸವನ್ನು ವಾಚಕಿಯರ ಹಾಗು ಪಾಲಕ ಮಹಾಶಯರ ಮುಂದೆ ಇಡಲು ಮನಸ್ಸು ಮಾಡಿದೆವು. ವಿಷಯವು ಯಂತ್ರದ್ದೆಂದು ಯಾರೂ ಬೇಸರಪಟ್ಟು ಹಾಳೆಯನ್ನು ತಿರುವಿಬಿಡಬಾರದಾಗಿ ಬೇಡಿಕೊಳ್ಳುವೆವು. ಇದರಲ್ಲಿ ಯಂತ್ರಕ್ಕಿಂತ ಹುಡುಗಿಯರ ಸಂಗತಿಯೇ ಹೆಚ್ಚಾಗಿರುವದು.

ನಾವು ಈ ಶಾಲೆಯಿಂದ ಎಸ್.ಎಸ್.ಎಲ್.ಸಿ. ಮುಗಿಸಿ ಹೊರಬಿದ್ದು ಬಹಳ ವರುಷಗಳಾದವು. ಈಗ ನಮ್ಮ ಉದ್ಯೋಗವು ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ. ಧಾರವಾಡದ ಮನೆಯಿಂದ ದಿನಾಲು ಚಿಗರಿ ಬಸ್ಸು ಹತ್ತಿ ಹೋಗಿಬರುವೆವು. ಏನು ಉದ್ಯೋಗವೆಂದು ಕೇಳಿದ ಹಿರಿಯರಿಗೆ ತಿಳಿಯಹೇಳುವದು ನಮಗೆ ಮೊದಲಿನಿಂದಲೂ ಕಷ್ಟವೇ. ‘ನಮ್ಮ ಹುಡಿಗಿ ಕಂಪ್ಯೂಟರನಾಗ ಟೈಪ ಮಾಡತಾಳ್ರೀ’ ಎಂದು ನಮ್ಮ ಸೋದರತ್ತೆಯವರು ನೆರೆಹೊರೆಯವರಿಗೆ ಹೇಳುತ್ತಿರುವರು. ಅವರನ್ನು ತಿದ್ದುವ ಗೊಡವೆಗೆ ನಾವು ಹೋಗಿಲ್ಲ. ನಿಜವಾಗಿ ನೋಡಿದರೆ ನಾವು ಟೈಪು ಮಾಡುವವರಲ್ಲ; ಉಳಿದವರು ಟೈಪು ಮಾಡುವ ಸಾಧನಗಳನ್ನು ಕಚೇರಿಯ ನೂರಾರು ಯಂತ್ರಗಳಲ್ಲಿ ಒಂದೇ ರೀತಿಯಿಂದ ನೆಲೆಗೊಳಿಸುವವರು. ಪತ್ರ ಬರೆಯುವ ವರ್ಡು, ಲೆಕ್ಕ ಹಾಕುವ ಎಕ್ಸೆಲ್ಲು, ಚಿತ್ರ ತೋರಿಸಿ ವ್ಯಾಖ್ಯಾನ ಮಾಡುವ ಪವರ್‌ಪಾಯಿಂಟು ಇವೆಲ್ಲ ಕೂಡಿದ ಗಂಟಿಗೆ ಆಫೀಸು ಎಂಬ ಹೆಸರು. ಅದನ್ನು ಯಂತ್ರದಿಂದ ಯಂತ್ರಕ್ಕೆ ಹಾಕುತ್ತ ಹೋಗುವದೇ ನಮ್ಮ ಕಾಯಕವು.

ಈ ಕಾಯಕಕ್ಕೆ ಎರಡು ದಾರಿಗಳುಂಟು. ಒಂದು, ಪ್ರತಿಯೊಂದು ಯಂತ್ರದ ಮುಂದೆ ಕುಳಿತು, ಅದು ಕೇಳಿದ ಪ್ರಶ್ನೆಗೆಲ್ಲ ಹೌದು, ಅಲ್ಲ, ಮುಂದೆ, ಮುಂದೆ ಎಂದು ಗುಂಡಿಯನ್ನೊತ್ತುತ್ತ ಕೈಯಿಂದ ಮಾಡುವದು. ಇನ್ನೊಂದು, ನಮಗೆ ಬೇಕಾದುದೇನು, ಬೇಡವಾದುದೇನು ಎಂಬುದನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟು, ‘ಇದನ್ನು ಓದಿ ಇದರಂತೆ ನಡೆ’ ಎಂದು ಎಲ್ಲ ಯಂತ್ರಗಳಿಗೂ ಹೇಳುವದು. ಆ ಹಾಳೆಗೆ ಕಾನ್ಫಿಗರೇಶನ್ ಫೈಲು ಎನ್ನುವರು. ನಾವು ಹುಡುಗಿಯರ ಮುಂದೆ ಅದನ್ನು ಯಾದಿ ಎಂದು ಕರೆದೆವು. ಇಲ್ಲಿಯೂ ಹಾಗೆಯೇ ಕರೆಯುವೆವು.

ಯಾದಿ ಎಂದರೆ ನಮ್ಮ ಕಡೆಯ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅವ್ವನು ಚೀಟಿ ಬರೆದು ಮಗಳ ಕೈಯಲ್ಲಿ ಕೊಟ್ಟು ಕಿರಾಣಿ ಅಂಗಡಿಗೆ ಕಳಿಸುವಳು. ಎರಡು ಕಿಲೊ ತೊಗರಿಬೇಳೆ, ಒಂದು ಕಿಲೊ ಬೆಲ್ಲ ಎಂದು ಅದರಲ್ಲಿ ಬರೆದಿರುವದು. ಬರಿಯ ‘ಬೆಲ್ಲ’ ಎಂದು ಬರೆದರೆ ಅಂಗಡಿಯವನು ತನಗೆ ಯಾವ ಬೆಲ್ಲವು ಖರ್ಚಾಗಬೇಕಾಗಿರುವದೋ ಅದನ್ನೇ ಕಟ್ಟಿಕೊಡುವನು. ಅವನದು ತಪ್ಪೆನ್ನಲು ಬರುವದಿಲ್ಲ, ಚೀಟಿಯಲ್ಲಿ ಬರೆದಿರಲಿಲ್ಲವಷ್ಟೆ. ತಂತ್ರಾಂಶದ ಯಾದಿಯಲ್ಲಿಯೂ ನಡೆಯುವದು ಇದೇ. ನಾವು ಬರೆಯದೆ ಬಿಟ್ಟ ಪ್ರತಿಯೊಂದು ಮಾತನ್ನೂ ದೂರದ ಯಾರೋ ನಮಗಾಗಿ ಮೊದಲೇ ನಿಶ್ಚಯಿಸಿ ಇಟ್ಟಿರುವರು. (ಮದುವೆಯ ಯಾದಿಯೂ ನಮ್ಮ ಕಡೆಗೆ ಪ್ರಸಿದ್ಧವಾದುದೇ. ಆ ಯಾದಿಗಳಲ್ಲಿ ಕೊಡುಕೊಳ್ಳುವ ಸಾಲುಗಳನ್ನು ನಾವು ಮೆಚ್ಚುವವರಲ್ಲ; ಆದರೂ ಬರೆದು ಸಹಿ ಮಾಡಿದ ಮೇಲೆ ಮಾತು ತಿರುಗದೆಂಬ ಗುಣವು ಅವಕ್ಕೂ ಉಂಟೆಂದು ಒಪ್ಪಬೇಕಾಗುವದು.)

ನಮ್ಮ ಶಾಲೆಯಲ್ಲಿ ಹಿಂದೆ ಯಾದಿ ಇರಲಿಲ್ಲ. ಒಬ್ಬ ಗುತ್ತಿಗೆದಾರರು ಆಗಾಗ ಒಬ್ಬೊಬ್ಬ ಹುಡುಗನನ್ನು ಕಳಿಸುವರು. ಅವನು ಕೆಟ್ಟ ಯಂತ್ರದ ಮುಂದೆ ಕುಳಿತು ತನಗೆ ತೋಚಿದಂತೆ ರಿಪೇರಿ ಮಾಡಿ ಹೋಗುವನು. ಮುಂದಿನ ಸಲ ಬರುವವನು ಬೇರೆಯವನು. ಹೀಗೆ ವರುಷಗಳು ಕಳೆದು, ಒಂದೇ ಕೋಣೆಯ ೨೧ ಯಂತ್ರಗಳು ೨೧ ಬಗೆಯಾದವು. ಒಂದರಲ್ಲಿ ೨೦೧೦ರ ಆಫೀಸು, ಇನ್ನೊಂದರಲ್ಲಿ ೨೦೧೬ರದು. ಒಂದರಲ್ಲಿ ‘ನುಡಿ’, ಮತ್ತೊಂದರಲ್ಲಿ ‘ಬರಹ’, ಮೂರನೆಯದರಲ್ಲಿ ಕನ್ನಡವೇ ಇಲ್ಲ. ಯಾವದರಲ್ಲಿ ಏನಿದೆಯೆಂಬುದು ಯಾರ ತಲೆಯಲ್ಲಿತ್ತೋ ಅವರು ಶಾಲೆಯಲ್ಲಿ ಇರಲಿಲ್ಲ.

ಇದರ ಫಲವನ್ನು ತಿಳಿಯಬೇಕಾದರೆ ಕನ್ನಡ ಅಕ್ಷರವು ಗಣಕಯಂತ್ರವನ್ನು ಹೊಕ್ಕ ಕಥೆಯನ್ನು ಸ್ವಲ್ಪ ಹೇಳಬೇಕು. ೧೯೯೮ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ವೂ, ತರುವಾಯ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಬಂದು ಕನ್ನಡಿಗರಿಗೆ ಮಹದುಪಕಾರ ಮಾಡಿದವು. ಆದರೆ ಆ ಕಾಲದ ಅಚ್ಚಕ್ಷರಗಳು ಇಂಗ್ಲಿಷ್ ಮೊದಲಾದ ಪರಲಿಪಿಯ ಪೀಠಗಳ ಮೇಲೆಯೇ ಕುಳಿತಿದ್ದವು. ಯಂತ್ರದ ಲೆಕ್ಕಕ್ಕೆ ಅದು ಪರಲಿಪಿಯ ಅಕ್ಷರವೇ. ಕನ್ನಡದ ಉಡುಪು ಮಾತ್ರ ಮೇಲೆ. ಆ ಉಡುಪು ಇಲ್ಲದ ಯಂತ್ರದಲ್ಲಿ ತೆರೆದರೆ ಬರಿಯ ಪರಲಿಪಿಯ ಚಿಹ್ನೆಗಳ ರಾಶಿಯು ಕಾಣಿಸುವದು. ಯುನಿಕೋಡ್ ಎಂಬ ಸರ್ವಲಿಪಿಗಳ ಪಟ್ಟಿಯು ೧೯೯೧ರಲ್ಲಿಯೇ ಕನ್ನಡಕ್ಕೆ ಅದರದೇ ಆದ ಪೀಠಗಳನ್ನು ಕೊಟ್ಟಿತ್ತು. ಕರ್ನಾಟಕ ಸರಕಾರವು ೨೦೧೨ರಲ್ಲಿ ಅದನ್ನೇ ಪ್ರಮಾಣವೆಂದು ಆಜ್ಞೆ ಮಾಡಿತು. ಆದರೆ ಆಜ್ಞೆಯು ಬೆಂಗಳೂರಿನಿಂದ ಹೊರಟು ನಮ್ಮ ಶಾಲೆಯ ಏಳನೆಯ ನಂಬರಿನ ಯಂತ್ರದವರೆಗೆ ತಾನಾಗಿ ನಡೆದು ಬರುವದಿಲ್ಲ.

ಆ ಏಳನೆಯ ಯಂತ್ರದ ಮೇಲೆ ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗಿಯು ಅಂತರಶಾಲಾ ಪ್ರಬಂಧ ಸ್ಪರ್ಧೆಗೆಂದು ನಾಲ್ಕು ದಿನ ಕುಳಿತು ಒಂದು ಪ್ರಬಂಧವನ್ನು ಬರೆದಿದ್ದಳು. ಕಲಘಟಗಿಯ ಕಡೆಯ ಹಳ್ಳಿಯಿಂದ ಬಂದು ವಸತಿಗೃಹದಲ್ಲಿದ್ದವಳು, ಮನೆಯಲ್ಲಿ ಗಣಕಯಂತ್ರವಿಲ್ಲ. ಹಳೆಯ ಸೀರೆಗಳ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುವ ತನ್ನ ಅಜ್ಜಿಯನ್ನು ಕುರಿತು ಆಕೆಯು ಬರೆದದ್ದು. ಕಳಿಸುವ ದಿನ ಮುದ್ರಣಯಂತ್ರವಿದ್ದ ಬೇರೆ ಗಣಕಯಂತ್ರದಲ್ಲಿ ಆ ಫೈಲನ್ನು ತೆರೆದರೆ ಅಜ್ಜಿಯೂ ಇಲ್ಲ, ಕೌದಿಯೂ ಇಲ್ಲ. ಕೊಂಬು, ಚುಕ್ಕೆ, ಬಾಲಗಳುಳ್ಳ ಪರಲಿಪಿಯ ಅಕ್ಷರಗಳು ಹಾಳೆಯ ತುಂಬ. ಏಳನೆಯ ಯಂತ್ರಕ್ಕೆ ಮರಳಿ ಹೋದರೆ, ಗುತ್ತಿಗೆದಾರರ ಹುಡುಗನು ಹಿಂದಿನ ದಿನವೇ ಅದನ್ನು ಅಳಿಸಿ ಹೊಸದಾಗಿ ಮಾಡಿ ಹೋಗಿದ್ದನು. ಹಳೆಯ ಅಚ್ಚಕ್ಷರಗಳು ಅಲ್ಲಿಯೂ ಇಲ್ಲವಾಗಿದ್ದವು.

ಬೇರೊಂದು ಕೆಲಸಕ್ಕಾಗಿ ನಾವು ಆ ದಿನ ಶಾಲೆಗೆ ಹೋದವರು ಆ ಕೋಣೆಯ ಬಾಗಿಲಲ್ಲಿ ನಿಂತಿದ್ದೆವು. ಹುಡುಗಿಯು ಅಳಲಿಲ್ಲ. ತನ್ನ ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು, ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದು, ‘ನಾನ ಏನರ ಕೆಡಿಸಿದ್ನೇನ್ರೀ ಅಕ್ಕೋರ?’ ಎಂದು ಕೇಳಿದಳು. ಅಕ್ಕೋರು ಇಲ್ಲವೆಂದು ಸಮಾಧಾನ ಹೇಳಿದರು. ಆದರೆ ಕಾರಣವನ್ನು ತಿಳಿಸಿ ಹೇಳುವದು ಅವರಿಂದಲೂ ಆಗಲಿಲ್ಲ. ಕಾರಣ ತಿಳಿಯದ ಕಡೆಗೆ ಸಮಾಧಾನವನ್ನು ಮಕ್ಕಳು ನಂಬುವದಿಲ್ಲ. ನಾವು ಆ ಫೈಲನ್ನು ಸಂಜೆ ಮನೆಗೆ ಒಯ್ದು ಪರಿವರ್ತಕದಿಂದ ಕನ್ನಡಕ್ಕೆ ಮರಳಿಸಿದೆವು. ಅಜ್ಜಿಯು ಒಂದಕ್ಷರವೂ ಕೆಡದೆ ತಿರುಗಿ ಬಂದಳು. ಆದರೆ ಸ್ಪರ್ಧೆಯ ವೇಳೆಯು ಮೀರಿಹೋಗಿತ್ತು. ಆ ಹುಡುಗಿಯು ಮುಂದೆ ಬಹಳ ದಿನ ಗಣಕಯಂತ್ರದ ತಾಸಿನಲ್ಲಿ ಗೆಳತಿಯ ಪಕ್ಕದಲ್ಲಿ ಕುಳಿತು ನೋಡುವಳೇ ಹೊರತು ತಾನು ಕೀಲಿಗಳನ್ನು ಮುಟ್ಟುತ್ತಿರಲಿಲ್ಲವೆಂದು ಅಕ್ಕೋರು ನಮಗೆ ಹೇಳಿದರು.

ಗಂಡುಹುಡುಗರು ಯಂತ್ರವು ಕೆಟ್ಟರೆ ಯಂತ್ರವನ್ನು ಬೈಯುವರು; ನಮ್ಮ ಹುಡುಗಿಯರು ತಮ್ಮನ್ನು ಬೈದುಕೊಳ್ಳುವರು. ಇದು ನಮ್ಮ ಕಚೇರಿಯಲ್ಲಿಯೂ ಇಷ್ಟು ವರುಷಗಳಿಂದ ನಾವು ಕಂಡ ಮಾತು. ಎಲ್ಲರೂ ಹಾಗೆಯೇ ಎಂದಲ್ಲ. ಆದರೆ ಬೆಲೆಬಾಳುವ ವಸ್ತುವನ್ನು ಮುಟ್ಟಿದರೆ ಕೆಟ್ಟೀತೆಂದು ಚಿಕ್ಕಂದಿನಿಂದ ಕೇಳುತ್ತ ಬೆಳೆದವರಿಗೆ ಕೈ ಹಿಂದಕ್ಕೆ ಹೋಗುವದು ಸಹಜವೇ ಆಗಿರುವದು.

ಇನ್ನು ಕೆಲಸದ ಮಾತು. ೨೦೧೬ರ ಹಾಗು ೨೦೧೯ರ ಆಫೀಸುಗಳಿಗೆ ಮೈಕ್ರೋಸಾಫ್ಟ್ ಕಂಪನಿಯವರು ಕೊಡುತ್ತಿದ್ದ ದುರಸ್ತಿ, ಭದ್ರತೆಗಳು ೨೦೨೫ರ ಅಕ್ಟೋಬರ ೧೪ಕ್ಕೆ ನಿಂತವು. ಅದೇ ದಿನ ವಿಂಡೋಸ್ ೧೦ರ ಸಾಮಾನ್ಯ ಬೆಂಬಲವೂ ಮುಗಿಯಿತು. ಶಾಲೆಯ ಹಳೆಯ ಯಂತ್ರಗಳಲ್ಲಿ ಹೆಚ್ಚಿನವು ಹೊಸದನ್ನು ತಾಳುವಂಥವಾಗಿರಲಿಲ್ಲ. ಹಳೆಯ ವಿದ್ಯಾರ್ಥಿನಿಯರು ಒಬ್ಬೊಬ್ಬರು ತಮ್ಮ ಶಕ್ತ್ಯನುಸಾರ ಕೊಟ್ಟ ಹಣದಿಂದ ಹೊಸ ಯಂತ್ರಗಳೂ ೨೦೨೪ರ ಆಫೀಸಿನ ಪರವಾನಿಗೆಯೂ ಬಂದವು. ಅವುಗಳನ್ನು ನೆಲೆಗೊಳಿಸುವ ಕೆಲಸವನ್ನು ನಮಗೆ ಒಪ್ಪಿಸಿದಾಗ ನಾವು ಒಂದೇ ಕರಾರು ಹಾಕಿದೆವು: ಕೈಯಿಂದ ಮಾಡುವದಿಲ್ಲ, ಯಾದಿಯಿಂದಲೇ ಮಾಡುವೆವು, ಆ ಯಾದಿಯನ್ನು ಹುಡುಗಿಯರು ಓದಬೇಕು.

ಕಂಪನಿಯವರು ಇದಕ್ಕಾಗಿ ಒಂದು ಚಿಕ್ಕ ಉಪಕರಣವನ್ನು ಬೆಲೆಯಿಲ್ಲದೆ ಕೊಡುವರು. ಅದರ ಹೆಸರು ಆಫೀಸ್ ಡಿಪ್ಲಾಯ್‌ಮೆಂಟ್ ಟೂಲ್. ಬಿಚ್ಚಿದರೆ ಅದರೊಳಗೆ ಸೆಟಪ್ ಎಂಬ ಒಂದು ಕಾರ್ಯಕ್ರಮವೂ ಮಾದರಿಯ ಯಾದಿಯೂ ದೊರೆಯುವವು. ಸೆಟಪ್ಪಿಗೆ ನಾವು ಮುಖ್ಯವಾಗಿ ಎರಡು ಮಾತು ಹೇಳಬಹುದು. ‘ಡೌನ್‌ಲೋಡ್’ ಎಂದು ಯಾದಿಯ ಹೆಸರು ಹೇಳಿದರೆ, ಯಾದಿಯಲ್ಲಿದ್ದ ಸಾಮಾನುಗಳನ್ನಷ್ಟೇ ಅಂತರ್ಜಾಲದಿಂದ ತಂದು ನಾವು ಹೇಳಿದ ಜಾಗದಲ್ಲಿ ಒಟ್ಟುವದು. ‘ಕಾನ್ಫಿಗರ್’ ಎಂದು ಹೇಳಿದರೆ ಆ ಸಾಮಾನನ್ನು ಯಂತ್ರದಲ್ಲಿ ನೆಲೆಗೊಳಿಸುವದು. ಈ ಎರಡು ಬೇರೆ ಬೇರೆಯಾಗಿರುವದೇ ನಮ್ಮಂಥ ಶಾಲೆಗೆ ದೊಡ್ಡ ಅನುಕೂಲ. ಆಫೀಸಿನ ಗಂಟು ಜೀಬಿಗಟ್ಟಲೆ ಭಾರ. ಪ್ರತಿ ಯಂತ್ರವೂ ಅದನ್ನು ತಾನೇ ತರಿಸಿಕೊಳ್ಳಲು ಹೊರಟರೆ ಶಾಲೆಯ ಸಣ್ಣ ಅಂತರ್ಜಾಲದ ನಳಿಗೆಯು ವಾರಗಟ್ಟಲೆ ಕಟ್ಟಿಕೊಳ್ಳುವದು. ಒಂದೇ ಸಲ ತಂದು ಅಕ್ಕೋರ ಮೇಜಿನ ಯಂತ್ರವನ್ನು ಉಗ್ರಾಣ ಮಾಡಿದರೆ, ಉಳಿದವು ಕೋಣೆಯೊಳಗಿನ ತಂತಿಯಿಂದಲೇ ಉಣ್ಣುವವು.

ಯಾದಿಯು ಎಕ್ಸೆಮ್ಮೆಲ್ ಎಂಬ ರೀತಿಯಲ್ಲಿ ಬರೆದ ಸಾದಾ ಬರವಣಿಗೆ. ಅದರ ವ್ಯಾಕರಣವು ಬಹು ಬಿಗಿ. ತೆರೆದ ಕಂಸವನ್ನು ಮುಚ್ಚಲೇಬೇಕು; ಒಂದು ಉದ್ಧರಣ ಚಿಹ್ನೆಯು ಜಾರಿದರೆ ಯಂತ್ರವು ಇಡಿಯ ಯಾದಿಯನ್ನೇ ಓದಲೊಲ್ಲೆನೆನ್ನುವದು. ಹಳೆಗನ್ನಡ ವ್ಯಾಕರಣವನ್ನು ಕಲಿಸಿದ ನಮ್ಮ ಪಂಡಿತರ ನೆನಪು ನಮಗೆ ಆಗ ಬಂದಿತು. ‘ಆ್ಯಡ್’ ಎಂಬ ಮೊದಲನೆಯ ಸಾಲಿನಲ್ಲಿ ಉಗ್ರಾಣ ಎಲ್ಲಿದೆ, ೬೪ರ ತಳಿಯೋ ೩೨ರ ತಳಿಯೋ, ಯಾವ ವಾಹಿನಿಯಿಂದ ಹೊಸ ದುರಸ್ತಿಗಳು ಬರಬೇಕು ಎಂಬುದು. ಅದರೊಳಗೆ ‘ಪ್ರಾಡಕ್ಟ್’, ಅಂದರೆ ಯಾವ ಆಫೀಸು. ಅದರೊಳಗೆ ‘ಲ್ಯಾಂಗ್ವೇಜ್’, ಅಂದರೆ ಯಾವ ಭಾಷೆ. ತರುವಾಯ ‘ಎಕ್ಸ್‌ಕ್ಲೂಡ್ ಆ್ಯಪ್’, ಅಂದರೆ ಯಾವದು ಬೇಡ. ಬೇಡವೆಂದು ಬರೆಯದಿದ್ದರೆ ಎಲ್ಲವೂ ಬಂದು ಕೂಡುವವು. ಶಾಲೆಯ ಹುಡುಗಿಯರಿಗೆ ಔಟ್‌ಲುಕ್ ಎಂಬ ಟಪಾಲಿನ ಪೆಟ್ಟಿಗೆ ಸದ್ಯಕ್ಕೆ ಬೇಡವಾಗಿತ್ತು. ಕಚೇರಿಗಳವರು ಮಾತಾಡುವ ಸ್ಕೈಪೂ ಬೇಡವಾಗಿತ್ತು. ಆ ಸ್ಕೈಪನ್ನು ಬಿಡಿಸಬೇಕಾದರೆ ಯಾದಿಯಲ್ಲಿ ‘ಲಿಂಕ್’ ಎಂಬ ಅದರ ಹಳೆಯ ಹೆಸರನ್ನೇ ಬರೆಯಬೇಕು. ಯಾಕೆಂದು ಹುಡುಗಿಯರು ಕೇಳಿದರು. ಮದುವೆಯಲ್ಲಿ ಸೊಸೆಯ ಹೆಸರನ್ನು ಬದಲಿಸಿದರೂ ತವರಿನವರು ಹಳೆಯ ಹೆಸರಿನಿಂದಲೇ ಕರೆಯುವದಿಲ್ಲವೆ ಎಂದೆವು. ಅದೊಂದು ಸಾಲು ಯಾರಿಗೂ ಮರೆಯಲಿಲ್ಲ.

ಭಾಷೆಯ ಸಾಲಿಗೆ ಬಂದಾಗ ಮಾತು ಬೆಳೆಯಿತು. ಉಪಕರಣದ ಜೊತೆಗೆ ಬರುವ ಮಾದರಿಯ ಯಾದಿಯಲ್ಲಿ ಇರುವದು ಅಮೇರಿಕದ ಇಂಗ್ಲಿಷು. ಅದನ್ನೇ ಹಾಗೆಯೇ ಬಿಟ್ಟು ನಡೆಸಿದರೆ ಇಡಿಯ ಕೋಣೆಯು ಇಂಗ್ಲಿಷಿನಲ್ಲಿ ಕಣ್ಣು ತೆರೆಯುವದು. ಯಾರೂ ಕನ್ನಡವನ್ನು ನಿರಾಕರಿಸಿದ್ದಲ್ಲ, ಯಾರೂ ಬರೆದದ್ದಿಲ್ಲ, ಅಷ್ಟೆ. ಇಂಗ್ಲಿಷಿನ ಸಾಲಿನ ಕೆಳಗೆ ‘ಕೆ, ಎನ್, ಅಡ್ಡಗೆರೆ, ಐ, ಎನ್’ ಎಂಬ ಗುರುತಿನಿಂದ ಇನ್ನೊಂದು ಸಾಲನ್ನು ಸೇರಿಸಿದರೆ ಕನ್ನಡವೂ ಬರುವದು. ಒಂದೇ ಒಂದು ಸಾಲು. ನಮ್ಮ ಕೌದಿಯ ಹುಡುಗಿಯು ಈಗ ಹತ್ತನೆಯ ಇಯತ್ತೆಗೆ ಬಂದಿದ್ದಳು. ಹಿಂದಿನ ಬೆಂಚಿನಿಂದಲೇ ಕೇಳಿದಳು: ‘ಕನ್ನಡ ಯಾಕ್ರೀ ಎರಡನೇ ಸಾಲಿನಾಗ ಐತಿ?’

ಪ್ರಶ್ನೆಯು ಸರಳವಾದುದು, ಉತ್ತರವು ಅಷ್ಟು ಸುಖವಾದುದಲ್ಲ. ಯಾದಿಯಲ್ಲಿ ಮೊದಲು ಬರೆದ ಭಾಷೆಯು ಹೆಸರುಪಟ್ಟಿ, ಸೂಚನೆ ಮುಂತಾದವುಗಳ ಮುಖವನ್ನು ನಿರ್ಣಯಿಸುವದು. ಕಂಪನಿಯವರು ಭಾಷೆಗಳಲ್ಲಿ ಪೂರ್ಣ, ಅರೆ ಎಂಬ ವರ್ಗಗಳನ್ನು ಮಾಡಿರುವರು. ಭಾರತದ ಭಾಷೆಗಳಲ್ಲಿ ಹಿಂದಿಯು ಪೂರ್ಣದಲ್ಲಿರುವದು. ಕನ್ನಡ, ಮರಾಠಿ, ತೆಲುಗು ಮೊದಲಾದವು ಅರೆಯವುಗಳಲ್ಲಿ. ಅರೆ ಎಂದರೆ, ಮೇಲಿನ ಗುಂಡಿಗಳೂ ಪಟ್ಟಿಗಳೂ ಕನ್ನಡದಲ್ಲಿ ಇರುವವು. ಒಳಗೆ ಒಳಗೆ ಹೋದಂತೆ ಕೆಲವೆಡೆಗೆ ಇಂಗ್ಲಿಷು ಇಣಿಕಿ ನೋಡುವದು. ಅರೆ ವರ್ಗದ ಭಾಷೆಯು ತಾನೊಂದೇ ನಿಲ್ಲಲಾರದು. ಪೂರ್ಣ ವರ್ಗದ ಒಂದಾದರೂ ಭಾಷೆಯು ಜೊತೆಗಿರಬೇಕು. ಇದನ್ನು ನಾವು ಮುಚ್ಚದೆ ಹೇಳಿದೆವು. ಹುಡುಗಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು.

ಇದು ಯಾವ ಊರು ಎಂಬುದನ್ನು ವಾಚಕರು ನೆನೆಯಬೇಕು. ಮುಂಬಯಿ ಪ್ರಾಂತದ ಕಾಲದಲ್ಲಿ ಕಚೇರಿ, ಶಾಲೆಗಳಲ್ಲಿ ಮರಾಠಿಯು ತುಂಬಿಕೊಂಡಿದ್ದಾಗ ಕನ್ನಡ ಶಾಲೆಗಳ ಸಲುವಾಗಿ ಡೆಪ್ಯುಟಿ ಚೆನ್ನಬಸಪ್ಪನವರಂಥವರು ಹೆಣಗಿದ್ದು ಈ ಸೀಮೆಯಲ್ಲಿ. ೧೮೯೦ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿದ್ದು ಇದೇ ಧಾರವಾಡದಲ್ಲಿ. ಆ ಹಿರಿಯರಿಗೆ ಎದುರಾಗಿದ್ದದ್ದು ಸರಕಾರದ ಆಜ್ಞೆ, ಅಧಿಕಾರಿಗಳ ಮನಸ್ಸು. ಅವುಗಳನ್ನು ಕಣ್ಣಿಂದ ಕಾಣಬಹುದಾಗಿತ್ತು. ನಮ್ಮ ಕಾಲದ ಅಡ್ಡಿಯು ಬರೆಯದೆ ಬಿಟ್ಟ ಒಂದು ಸಾಲಿನೊಳಗೆ ಅಡಗಿರುವದು.

ಕೆಲವರು ಪಾಲಕರು ನಮಗೆ ನೇರವಾಗಿಯೇ ಹೇಳಿದರು: ‘ಬಾಯಾರ, ಹುಡುಗರಿಗೆ ಮುಂದ ಹೊಟ್ಟಿ ತುಂಬಸೂದು ಇಂಗ್ಲೀಷರೀ. ಕನ್ನಡದಾಗ ಕಂಪ್ಯೂಟರ ತೋರಿಸಿದ್ರ ಹಿಂದ ಬೀಳತಾವು.’ ಈ ಮಾತನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ನಮ್ಮ ಹೊಟ್ಟೆಯೂ ಇಂಗ್ಲಿಷಿನಿಂದಲೇ ತುಂಬುತ್ತಿರುವದು. ಆದುದರಿಂದಲೇ ಎರಡೂ ಭಾಷೆಗಳನ್ನು ಹಾಕಿದೆವು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಲು ಆಫೀಸಿನೊಳಗಿನ ಭಾಷೆಯ ಆಯ್ಕೆಯನ್ನು ಬದಲಿಸಿ ಮರಳಿ ತೆರೆದರೆ ಸಾಕು. ಎಂಟನೆಯ ಇಯತ್ತೆಯ ಹೊಸ ಹುಡುಗಿಯು ಮೊದಲ ತಿಂಗಳು ‘ಉಳಿಸು’ ಎಂದು ಓದಿ, ಎರಡನೆಯ ತಿಂಗಳು ಅದೇ ಜಾಗದಲ್ಲಿ ‘ಸೇವ್’ ಎಂದು ಓದಿದರೆ ಅವಳು ಹಿಂದೆ ಬೀಳುವದಿಲ್ಲ. ಎರಡು ಶಬ್ದ ಕಲಿಯುವಳು.

ಇದೇ ಕೆಲಸವನ್ನು ಬಹು ದೊಡ್ಡ ಪ್ರಮಾಣದಲ್ಲಿ ಮಾಡಿದವರು ನಮ್ಮ ನೆರೆಯವರೇ ಇರುವರು. ೧೯೫೬ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇಂದಿಗೂ ನಡೆಯುತ್ತಿರುವದು ವಾಚಕರಿಗೆ ಗೊತ್ತು. ಕೇರಳ ಸರಕಾರವು ೨೦೦೧ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆಯನ್ನು ತೆಗೆದು, ೨೦೧೭ರಲ್ಲಿ ಅದನ್ನು ಕೈಟ್ ಎಂಬ ಸಂಸ್ಥೆಯನ್ನಾಗಿ ಮಾಡಿತು. ಅವರು ಬೆಲೆಕೊಡಬೇಕಾದ ತಂತ್ರಾಂಶವನ್ನು ಬಿಟ್ಟು, ಗ್ನೂ-ಲಿನಕ್ಸ್ ಎಂಬ ಸ್ವತಂತ್ರ ವ್ಯವಸ್ಥೆಯನ್ನು ಶಾಲೆಗಳಿಗೆ ಒಪ್ಪುವಂತೆ ಒಂದೇ ಕಡೆಗೆ ಸಿದ್ಧಪಡಿಸಿ, ಲಿಬ್ರೆ ಆಫೀಸು ಮೊದಲಾದವುಗಳನ್ನು ಅದರೊಳಗೇ ಕೂಡಿಸಿ, ಎಲ್ಲ ಶಾಲೆಗಳಿಗೂ ಹಂಚಿದರು. ಅಲ್ಲಿಯ ಪಠ್ಯಪುಸ್ತಕಗಳು ಕನ್ನಡದಲ್ಲಿಯೂ ಅಚ್ಚಾಗುವವು. ಹೀಗಾಗಿ ಕಾಸರಗೋಡಿನ ಕನ್ನಡ ಹುಡುಗಿಯು ಪುಸ್ತಕದಲ್ಲಿ ಕಂಡ ತಂತ್ರಾಂಶವೇ ಅವಳ ಮೇಜಿನ ಮೇಲೆಯೂ ಇರುವದು. ರಾಜ್ಯ ಬೇರೆಯಾದರೂ ಇದನ್ನು ಕೇಳಿ ನಮಗೆ ಸಂತೋಷವೂ ತುಸು ಹೊಟ್ಟೆಕಿಚ್ಚೂ ಆಯಿತೆಂದು ಒಪ್ಪುವೆವು. ಲಿಬ್ರೆ ಆಫೀಸನ್ನು ನಾವೂ ಮೂರು ಹಳೆಯ ಯಂತ್ರಗಳಲ್ಲಿ ಕನ್ನಡ ಮುಖದೊಡನೆ ಹಾಕಿರುವೆವು. ೨೦೧೦ರಲ್ಲಿ ಓಪನ್ ಆಫೀಸಿನಿಂದ ಕವಲೊಡೆದ ಅದಕ್ಕೆ ಬೆಲೆಯಿಲ್ಲ. ಮೌನವಾಗಿ ನೆಲೆಗೊಳಿಸುವ ಆಜ್ಞೆಗಳೂ, ಕನ್ನಡವನ್ನೇ ಮೊದಲಾಗಿ ಹಿಡಿಯೆಂದು ಬರೆಯುವ ಫೈಲುಗಳೂ ಅದಕ್ಕೂ ಉಂಟು.

ಕೆಲಸದ ದಿನ ಹತ್ತನೆಯ ಇಯತ್ತೆಯ ಎಂಟು ಹುಡುಗಿಯರು ನಮ್ಮೊಡನಿದ್ದರು. ‘ಡಿಸ್‌ಪ್ಲೇ’ ಎಂಬ ಸಾಲಿನಲ್ಲಿ ‘ನನ್’ ಎಂದು ಬರೆದರೆ ಯಂತ್ರವು ಏನನ್ನೂ ತೋರಿಸದೆ ಒಳಗೊಳಗೇ ಕೆಲಸ ಮಾಡಿ ಮುಗಿಸುವದು; ಕಚೇರಿಯಲ್ಲಿ ನಾವು ಹಾಗೆಯೇ ಬರೆಯುವೆವು. ಆದರೆ ಏನೂ ಕಾಣದಿದ್ದರೆ ಹುಡುಗಿಯರಿಗೆ ಕಲಿತದ್ದೇನು? ಆದುದರಿಂದ ‘ಫುಲ್’ ಎಂದು ಬರೆಯಿಸಿ, ಪಟ್ಟೆಯು ತುಂಬುತ್ತ ಹೋಗುವದನ್ನು ನೋಡಗೊಟ್ಟೆವು. ‘ಲಾಗಿಂಗ್’ ಎಂಬ ಸಾಲಿನಲ್ಲಿ ನಡೆದದ್ದೆಲ್ಲವನ್ನೂ ಯಾವ ಜಾಗದಲ್ಲಿ ಬರೆದಿ‍ಡಬೇಕೆಂದು ಹೇಳಿದೆವು. ಅಂಗಡಿಕಾರರ ಮಗಳೊಬ್ಬಳು ಅದನ್ನು ಕೂಡಲೆ ‘ರೋಜಕೀರ್ದಿ’ ಎಂದಳು. ನಮಗೆ ಇಷ್ಟು ವರುಷ ಸಿಗದಿದ್ದ ಶಬ್ದವು ಅದು. ಮಧ್ಯಾಹ್ನ ಒಮ್ಮೆ ಕರೆಂಟು ಹೋಗಿ ಎರಡು ಯಂತ್ರಗಳು ಅರ್ಧಕ್ಕೆ ನಿಂತವು. ಹಿಂದಿನ ಕಾಲದಲ್ಲಿ ಅದೊಂದು ದೊಡ್ಡ ಅನಾಹುತ. ಆ ದಿನ ಅದೇ ಯಾದಿಯನ್ನು ಮರಳಿ ಓದಿಸಿದೆವು, ಕೆಲಸವು ಮುಗಿಯಿತು.

ಸಂಜೆಗೆ ನಾವು ಇನ್ನೊಂದು ಯಾದಿಯನ್ನು ತೆಗೆದೆವು. ಅದರಲ್ಲಿ ಇದ್ದದ್ದು ‘ರಿಮೂವ್’ ಎಂಬ ಒಂದು ಸಾಲು. ಅದನ್ನು ಓದಿಸಿದರೆ ಆ ಯಂತ್ರದ ಆಫೀಸೆಲ್ಲ ಅಳಿದುಹೋಗುವದು. ಏಳನೆಯ ನಂಬರಿನ ಮೇಜನ್ನು ತೋರಿಸಿ ಕೌದಿಯ ಹುಡುಗಿಯನ್ನು ಕರೆದು, ‘ಇದನ್ನ ಕೆಡಿಸು’ ಎಂದೆವು. ಆಕೆಯು ನಮ್ಮ ಮುಖವನ್ನೂ ಅಕ್ಕೋರ ಮುಖವನ್ನೂ ನೋಡಿದಳು. ‘ಖರೇನ ಕೆಡಸ್ಲೇನ್ರೀ?’ ಎಂದಳು. ಅಕ್ಕೋರು ತಲೆಯಾಡಿಸಿದರು. ಆಜ್ಞೆಯನ್ನು ಒಂದೊಂದೇ ಅಕ್ಷರವಾಗಿ ಹೊಡೆದು, ಕಣ್ಣು ಮುಚ್ಚಿಕೊಂಡು ಎಂಟರ್ ಒತ್ತಿದಳು. ವರ್ಡು ಹೋಯಿತು, ಎಕ್ಸೆಲ್ಲು ಹೋಯಿತು. ಉಳಿದವರು ಹೋ ಎಂದು ನಕ್ಕರು. ಮೊದಲನೆಯ ಯಾದಿಯನ್ನು ಆಕೆಯೇ ಮರಳಿ ಓದಿಸಿದಳು. ಕಾಲು ತಾಸಿನೊಳಗೆ ಎಲ್ಲವೂ ಇದ್ದಂತೆ ಬಂದು ಕುಳಿತವು, ಕನ್ನಡ ಸಹಿತವಾಗಿ. ‘ಮತ್ತೊಮ್ಮೆ ಕೆಡಸ್ಲೇನ್ರೀ?’ ಎಂದು ಕೇಳಿದಳು. ವಸತಿಗೃಹದ ಊಟದ ಗಂಟೆಯಾಯಿತೆಂದು ಅಕ್ಕೋರು ಬೇಡವೆಂದರು.

ಯಾದಿಯಿಂದ ಎಲ್ಲವೂ ಆಗುವದೆಂದು ನಾವು ಹೇಳುವದಿಲ್ಲ. ಕನ್ನಡದ ಕೀಲಿಮಣೆಯು ಆಫೀಸಿನದಲ್ಲ, ವಿಂಡೋಸಿನದು; ಅದನ್ನು ಬೇರೆಯಾಗಿ ಸೇರಿಸಬೇಕಾಯಿತು. ಇನ್‌ಸ್ಕ್ರಿಪ್ಟ್ ವಿನ್ಯಾಸವು ಮೊದಲಿನಿಂದಲೂ ಅದರಲ್ಲಿರುವದು. ೨೦೧೯ರಿಂದ ಉಚ್ಚಾರದ ಮೇರೆಗೆ ಬರೆಯುವ ಕೀಲಿಮಣೆಯೂ ದೊರೆಯುವದು. ಅಕ್ಕೋರಿಗೆ ಕೆ. ಪಿ. ರಾವ್ ಅವರ ವಿನ್ಯಾಸವೇ ಕೈಗೆ ಕೂತಿದ್ದರಿಂದ ಅವರಿಗಾಗಿ ‘ನುಡಿ’ಯನ್ನು ಯುನಿಕೋಡಿನ ರೀತಿಯಲ್ಲಿ ಹಾಕಿದೆವು. ‘ತುಂಗಾ’ ಅಚ್ಚಕ್ಷರಗಳು ಹಿಂದೆ ವಿಂಡೋಸಿನೊಡನೆ ತಾವಾಗಿ ಬರುತ್ತಿದ್ದವು. ವಿಂಡೋಸ್ ೧೦ರಿಂದೀಚೆಗೆ ಅವು ಕನ್ನಡದ ಹೆಚ್ಚುವರಿ ಅಚ್ಚಕ್ಷರಗಳೆಂಬ ಬೇರೆ ಗಂಟಿನಲ್ಲಿರುವವು, ಕೇಳಿ ತರಿಸಬೇಕು. ಹಳೆಯ ಪ್ರಶ್ನಪತ್ರಿಕೆಗಳನ್ನೆಲ್ಲ ಯುನಿಕೋಡಿಗೆ ತಿರುಗಿಸುವ ಕೆಲಸವು ಇನ್ನೂ ಅರ್ಧವಾಗಿದೆ. ಶನಿವಾರಗಳಲ್ಲಿ ಎರಡು ತಾಸು ಬಿಡುವುಳ್ಳ ಹಳೆಯ ವಿದ್ಯಾರ್ಥಿನಿಯರು ಅಕ್ಕೋರಿಗೆ ತಿಳಿಸಿದರೆ ಉಪಕಾರವಾದೀತು.

ಯಾದಿಯ ಒಂದು ಪ್ರತಿಯು ಉಗ್ರಾಣದ ಯಂತ್ರದಲ್ಲಿದೆ, ಒಂದು ಮುಖ್ಯಾಧ್ಯಾಪಿಕೆಯವರ ಕಪಾಟಿನ ಪೆನ್‌ಡ್ರೈವಿನಲ್ಲಿದೆ, ಮೂರನೆಯದು ಅಚ್ಚಾಗಿ ಕೋಣೆಯ ಬಾಗಿಲ ಹಿಂದೆ ಅಂಟಿಸಿದೆ. ಇಂಥ ಫೈಲುಗಳಲ್ಲಿ ಯಂತ್ರವು ಓದದೆ ದಾಟಿಹೋಗುವ ಟಿಪ್ಪಣಿಗಳನ್ನು ಮನುಷ್ಯರಿಗಾಗಿ ಬರೆಯಲು ಬರುವದು. ಹುಡುಗಿಯರು ಪ್ರತಿ ಸಾಲಿನ ಮೇಲೆ ಅದರ ಅರ್ಥವನ್ನು ಕನ್ನಡದಲ್ಲಿ ಬರೆದಿರುವರು. ಈ ಆಫೀಸಿನ ಬೆಂಬಲವು ೨೦೨೯ರ ಅಕ್ಟೋಬರ ೯ಕ್ಕೆ ಮುಗಿಯುವದು. ಆ ಹೊತ್ತಿಗೆ ಆ ಎಂಟು ಜನರಲ್ಲಿ ಯಾರೂ ಶಾಲೆಯಲ್ಲಿ ಇರುವದಿಲ್ಲ. ಆದುದರಿಂದ ಎಲ್ಲಕ್ಕೂ ಮೇಲಿನ ಟಿಪ್ಪಣಿಯಲ್ಲಿ ಆ ತಾರೀಖನ್ನು ಬರೆದು, ಅದರ ಕೆಳಗೆ ಕೌದಿಯ ಹುಡುಗಿಯು ತನ್ನ ಕೈಯಿಂದ ಹೀಗೆ ಸೇರಿಸಿರುವಳು: ‘ಹೊಸ ಯಾದಿ ಮಾಡುವವರು ಕನ್ನಡದ ಸಾಲು ಮರೆಯಬ್ಯಾಡ್ರಿ. ಏನರ ಕೆಟ್ಟರ ಅಂಜಬ್ಯಾಡ್ರಿ, ಇದನ್ನ ಮತ್ತೊಮ್ಮೆ ಓದಸ್ರಿ.’